ಹೆರಿಗೆ ಕೋಣೆಯ ಹಿಂದಿನ ಎರೆಹುಳದ ಪಾತಿ

ಡಾಕ್ಟರಮ್ಮ ಆ ಹೆಂಗಸಿನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು, “ಇಲ್ಲಿ ನೋಡಿ ಸಿಸ್ಟರ್” ಎಂದರು. ಕೆಂಪಗಿರಬೇಕಾದ ಜಾಗ ಒಗೆದು ಒಗೆದು ಬಣ್ಣ ಹೋದ ಬಟ್ಟೆಯ ಹಾಗಿತ್ತು. ಪಾದ ಒತ್ತಿದರೆ ಬೆರಳಿನ ಗುಳಿ ಹಾಗೆಯೇ ನಿಲ್ಲುತ್ತಿತ್ತು. ಬಸುರಿಗೆ ಐದು ತಿಂಗಳು ತುಂಬಿತ್ತು. ಹಿಂದೆ ಎರಡು ಸಲ ಕೂಸು ಹೊಟ್ಟೆಯೊಳಗೇ ಹೋಗಿತ್ತಂತೆ. ಅದನ್ನು ಹೇಳಿದವರು ಪಕ್ಕದಲ್ಲಿ ನಿಂತಿದ್ದ ಅವಳ ಅತ್ತೆ. ಅವಳು ಗೋಡೆ ನೋಡುತ್ತಿದ್ದಳು.

“ಊರಿಗೆ ಕಳಿಸಿದ್ರೆ ನಾಳೆಯಿಂದ್ಲೇ ಹೊಲಕ್ಕೆ ಇಳೀತಾಳೆ. ಹೆರಿಗೆ ಆಗೋವರೆಗೂ ಇಲ್ಲೇ ಇರ್ಲಿ” ಎಂದರು ಡಾಕ್ಟರಮ್ಮ. ಆಮೇಲೆ ನನ್ನ ಕಡೆ ತಿರುಗಿ, “ರಕ್ತದ ಟಾನಿಕ್ ಎಷ್ಟಿದೆ?” ಎಂದು ಕೇಳಿದರು.

“ಎರಡು ಬಾಟಲಿ.”

ಅವು ಎರಡನೆಯ ಮಹಾಯುದ್ಧದ ವರ್ಷಗಳು, ಪೆಟ್ರೋಲು ಸಿಗುತ್ತಿರಲಿಲ್ಲ. ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಬೆಂಗಳೂರಿನಿಂದ ಬರಬೇಕಾದ ಔಷಧಿ ಪೆಟ್ಟಿಗೆ ತಿಂಗಳಾದರೂ ಬರುತ್ತಿರಲಿಲ್ಲ. ಬಂದರೂ ಅರ್ಧ ಖಾಲಿ. ಶ್ರೀನಿವಾಸಪುರದ ಆ ಹೆಂಗಸರ ಆಸ್ಪತ್ರೆಯಲ್ಲಿ ಆರು ಮಂಚ, ಒಂದು ಹೆರಿಗೆ ಕೋಣೆ. ಕೆಲಸಕ್ಕೆ ಡಾಕ್ಟರಮ್ಮ, ನಾನು, ಒಬ್ಬ ಆಯಾ, ಒಬ್ಬ ಮಾಲಿ, ಅಷ್ಟೇ.

“ಹಾಗಾದ್ರೆ ಸೊಪ್ಪೇ ಗತಿ. ದಿನಾ ಸೊಪ್ಪು, ರಾಗಿ, ಹುರುಳಿ, ಬೆಲ್ಲ. ಉಳಿದದ್ದು ಅವರ ಮನೆಯಿಂದ ಬರುತ್ತೆ. ಸೊಪ್ಪು ನೀವು ನೋಡ್ಕೊಳ್ಳಿ” ಎಂದರು.

ಆ ವರ್ಷ ಸೊಪ್ಪು ನೋಡಿಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ಶಿವರಾತ್ರಿಗೇ ಕೆರೆಯ ತಳ ಕಾಣುತ್ತಿತ್ತು. ಎಲ್ಲೋ ಬೆಳೆದ ನಾಲ್ಕು ಕಟ್ಟು ಕೀರೆ, ದಂಟು ಸಂತೆಗೆ ಬರುವ ಮೊದಲೇ ಒಳ್ಳೆಯ ಬೆಲೆಗೆ ಚಿನ್ನದ ಗಣಿಯ ಕಡೆಗೆ ಹೋಗಿಬಿಡುತ್ತಿತ್ತು. ಆಸ್ಪತ್ರೆಯ ಅಂಗಳದಲ್ಲಿ ಒಂದು ನುಗ್ಗೆ ಮರವಿತ್ತು. ಅದರ ಸೊಪ್ಪನ್ನು, ಸೊಸೆಯ ಜೊತೆಗೇ ಉಳಿದು ಅಡುಗೆ ಮಾಡುತ್ತಿದ್ದ ಅತ್ತೆ ಮುಟ್ಟಗೊಡಲಿಲ್ಲ.

“ನುಗ್ಗೆ ಉಷ್ಣ ಕಣಮ್ಮಾ. ಬಸುರಿಗೆ ಯಾರಾದ್ರೂ ಕೊಡ್ತಾರಾ? ಎರಡು ಕಳ್ಕೊಂಡಿದ್ದೀವಿ.”

ನಾನು ವಾದ ಮಾಡಿ ನೋಡಿದೆ. ಎರಡು ಕಳೆದುಕೊಂಡವರ ಮುಂದೆ ನನ್ನ ಪುಸ್ತಕದ ಮಾತು ನಿಲ್ಲಲಿಲ್ಲ.

ಆಸ್ಪತ್ರೆಯ ಹಿಂದೆ ಆರು ಪಾತಿಗಳ ಕೈತೋಟವಿತ್ತು, ಹೆಸರಿಗೆ. ಮರುದಿನ ಬೆಳಿಗ್ಗೆ ನಾನೇ ಎರಡು ಕೊಡ ನೀರು ಹೊತ್ತು ಹಾಕಿದೆ. ಕೆಂಪು ಮಣ್ಣಿನ ಮೇಲೆ ಹೆಪ್ಪು ಕಟ್ಟಿದ ಪದರ. ನೀರು ಅದರ ಮೇಲೆ ಜಾರಿ ಕಾಲುದಾರಿಗೆ ಹರಿದುಹೋಯಿತು. ಮಾಲಿ ಸಾಬರು ದೂರ ನಿಂತು ನೋಡಿದರು. ಅರವತ್ತು ದಾಟಿದ ಮನುಷ್ಯ. ಅವರ ಮನೆಯವರು ಊರಿನಲ್ಲಿ ತಲೆಮಾರುಗಳಿಂದ ಇದ್ದವರು. ಮನೆಯಲ್ಲಿ ದಖ್ಖನಿ, ನಮ್ಮ ಜೊತೆ ಕನ್ನಡ, ಹಳ್ಳಿಯಿಂದ ಬಂದವರ ಜೊತೆ ತೆಲುಗು. ಹತ್ತಿರ ಬಂದು ಗುದ್ದಲಿಯಿಂದ ಒಂದು ಹೆಂಟೆ ಎಬ್ಬಿಸಿ, ಒಡೆದು, ಮೂಗಿನ ಹತ್ತಿರ ಹಿಡಿದರು.

“ಇದ್ರಲ್ಲಿ ಒಂದು ಕೇಂಚುವಾನೂ ಇಲ್ಲ ನರ್ಸಮ್ಮ. ಎರೆಹುಳ. ಅದು ಓಡಾಡಿದ್ರೆ ತಾನೇ ನೀರಿಗೆ ದಾರಿ? ಬಾಗಿಲೇ ಇಲ್ಲದ ಮನೆಗೆ ನೀರು ಹೆಂಗೆ ಒಳಗೆ ಹೋಗ್ತದೆ?”

“ಹುಳ ಎಲ್ಲಿಂದ ತರೋದು?”

“ತಂದ್ರೆ ಸಾಲ್ದು. ಇರೋ ಹಂಗೆ ಮಾಡ್ಬೇಕು.”

ಆ ಮಾತನ್ನು ನಾನು ಅರ್ಧ ಕೇಳಿಸಿಕೊಂಡೆ. ತರುವುದಷ್ಟೇ ನನ್ನ ತಲೆಯಲ್ಲಿ ನಿಂತಿತು. ಊರ ಹೊರಗಿನ ಮಾವಿನ ತೋಪಿನಲ್ಲಿ ಎತ್ತು ಕಟ್ಟಿ ಬಾವಿಯಿಂದ ಎತ್ತಿದ ಕಪಿಲೆಯ ನೀರು ಹರಿಯುವ ಒಂದು ಕಾಲುವೆಯಿತ್ತು. ಭಾನುವಾರ ಬೆಳಿಗ್ಗೆ ಅವರ ಜೊತೆ ಹೋದೆ. ಕಾಲುವೆಯ ದಡದಲ್ಲಿ ಕೊಳೆತ ಎಲೆ ಸರಿಸಿದರೆ ಹುಳುಗಳಿದ್ದವು. ಮಾಲಿ ಸಾಬರು ಮಂಕರಿಗೆ ಒದ್ದೆ ಗೋಣಿ ಹಾಸಿ, ಹುಳುಗಳನ್ನು ಅವು ಇದ್ದ ಮಣ್ಣಿನ ಸಮೇತ ಎತ್ತಿಟ್ಟರು. ಎಳೆದು ಕೀಳಬಾರದು, ಮಣ್ಣನ್ನು ಬಿಡಿಸಿದರೆ ಅವೇ ಬರುತ್ತವೆ ಎಂದು ತೋರಿಸಿಕೊಟ್ಟರು. ಪಾತಿಗಳನ್ನು ನೆನೆಸಿ, ತಿಪ್ಪೆಯ ಗೊಬ್ಬರ ಹರಡಿ, ಸಂಜೆ ಬಿಸಿಲಿಳಿದ ಮೇಲೆ ಬಿಟ್ಟೆವು. ಮೇಲೆ ರಾಗಿ ಹುಲ್ಲು ಮುಚ್ಚಿದೆವು. ಕೋಳಿ, ಗೊರವಂಕ ಕೆದಕದಂತೆ ಜಾಲಿ ಮುಳ್ಳು ಒಡ್ಡಿದೆವು.

ಎರಡು ವಾರ ಎಲ್ಲ ಸರಿಯಿತ್ತು. ಯುಗಾದಿಯ ಹೊತ್ತಿಗೆ ಬಾವಿಯಲ್ಲಿ ಕೊಡ ಮುಳುಗದೆ ಹೋಯಿತು. ತೋಟಕ್ಕೆಂದು ಸಿಗುತ್ತಿದ್ದ ನಾಲ್ಕು ಕೊಡ ಎರಡಾಯಿತು, ಆಮೇಲೆ ಒಂದಾಯಿತು. ಆಗ ನನಗೆ ಜಾಣತನದ ಯೋಚನೆಯೊಂದು ಬಂತು. ವಾರ್ಡಿನ ನೆಲ ತೊಳೆದ ನೀರು ದಿನವೂ ಮೂರು ಬಕೆಟ್ ಚರಂಡಿಗೆ ಹೋಗುತ್ತಿತ್ತಲ್ಲ? ಆಯಾಳ ಕೈಯಿಂದ ಬಕೆಟ್ ಇಸಿದುಕೊಂಡು ನಾನೇ ಪಾತಿಗಳಿಗೆ ಸುರಿದೆ. ಅದರಲ್ಲಿ ಫಿನಾಯಿಲ್ ಇತ್ತು. ಇದೆ ಎಂದು ನನಗೆ ಗೊತ್ತಿತ್ತು ಕೂಡ. ಎಷ್ಟು ಹಾಕಬೇಕೆಂದು ಅಳೆದು ಕೊಡುತ್ತಿದ್ದವಳೇ ನಾನು. ನೆಲ ಶುದ್ಧ ಮಾಡುವುದು ಮಣ್ಣನ್ನೂ ಶುದ್ಧ ಮಾಡೀತು ಎಂದುಕೊಂಡೆನೋ ಏನೋ, ಈಗ ಹೇಳಲಾರೆ.

ಅರ್ಧ ಗಂಟೆಯಲ್ಲಿ ಮಾಲಿ ಸಾಬರು ಕೂಗಿದರು. “ಬೇಟಿ! ಜಲ್ದಿ ಬನ್ನಿ!” ಅವರು ನನ್ನನ್ನು ಮಗಳೇ ಎಂದು ಕರೆದದ್ದು ಅದೇ ಮೊದಲು.

ಹುಲ್ಲಿನ ಮೇಲೆಲ್ಲ ಹುಳುಗಳು ಹೊರಬಿದ್ದಿದ್ದವು. ಕೆಲವು ಹೊರಳುತ್ತಿದ್ದವು. ಹೆಚ್ಚಿನವು ಹೊರಳುವುದನ್ನೂ ನಿಲ್ಲಿಸಿದ್ದವು. ಅವರು ನನ್ನ ಮುಖ ನೋಡಿದರು. ನನ್ನ ಸೀರೆಯ ಅಂಚಿನಿಂದ ಬರುತ್ತಿದ್ದ ವಾಸನೆಯೇ ಎಲ್ಲ ಹೇಳಿರಬೇಕು. ಬೈಯಲಿಲ್ಲ. “ಒಂದು ಅಗಲ ಮಡಕೆ, ಒಳ್ಳೇ ನೀರು ತನ್ನಿ” ಎಂದರು.

ನಾನು ಮಡಕೆಯ ಜೊತೆಗೆ ಒಂದು ಬಾಣಲೆ, ನನ್ನ ಕುಡಿಯುವ ನೀರಿನ ಹೂಜಿ ತಂದೆ. ಇಬ್ಬರೂ ಕುಕ್ಕರಗಾಲಲ್ಲಿ ಕೂತು, ಅಲುಗಾಡುವ ಒಂದೊಂದನ್ನೂ ಅಂಗೈಯಲ್ಲಿ ಎತ್ತಿ, ನೀರಿನಲ್ಲಿ ಅದ್ದಿ, ಒದ್ದೆ ಮಣ್ಣು ತುಂಬಿದ ಬಾಣಲೆಗೆ ಬಿಡುತ್ತಾ ಹೋದೆವು. ಹುಟ್ಟಿದ ಕೂಸುಗಳನ್ನು ಎತ್ತಿ ಎತ್ತಿ ನನ್ನ ಕೈಗೆ ಹಗುರವಾಗಿ ಹಿಡಿಯುವ ಅಭ್ಯಾಸವಿತ್ತು. ಕೊನೆಗೆ ಉಳಿದದ್ದು ಎರಡು ಹಿಡಿಯಷ್ಟು ಹುಳ.

“ತಪ್ಪಾಯ್ತು ಸಾಬ್ರೇ.”

“ನೀರು ಉಳಿಸೋಕೆ ಹೋದ್ರಿ. ಕೆಟ್ಟ ಮನಸ್ಸಿಂದ ಏನಲ್ವಲ್ಲ” ಎಂದು ಅವರು ಬಾಣಲೆಯ ಮೇಲೆ ತಮ್ಮ ತಲೆಯ ವಸ್ತ್ರವನ್ನೇ ಒದ್ದೆ ಮಾಡಿ ಹೊದಿಸಿದರು.

ವಿಷಯವನ್ನು ಡಾಕ್ಟರಮ್ಮನಿಗೆ ನಾನೇ ಹೋಗಿ ಹೇಳಿದೆ. ಅವರು ಪೂರ್ತಿ ಕೇಳಿ, “ಇರ್ಲಿ, ತೋಟ ಬಿಟ್ಬಿಡಿ. ಬಾವಿ ನೀರು ಹೆರಿಗೆಗೇ ಸಾಲ್ತಿಲ್ಲ” ಎಂದರು. ಸರಿಯಾದ ಮಾತೇ. ನಾನು ಬಾಗಿಲವರೆಗೂ ಹೋದೆ. ಅಲ್ಲಿಂದ ಆ ಬಸುರಿಯ ಮಂಚ ಕಾಣುತ್ತಿತ್ತು. ಅವಳು ಗೋಡೆಗೆ ಒರಗಿ, ಎರಡು ಕೈಯನ್ನೂ ಹೊಟ್ಟೆಯ ಮೇಲಿಟ್ಟು ಕೂತಿದ್ದಳು. ನಾನು ತಿರುಗಿ ಬಂದೆ.

“ಆರು ಪಾತೀನೂ ಬಿಡ್ತೀನಿ ಡಾಕ್ಟರಮ್ಮ. ಹೊಸದಾಗಿ ಒಂದೇ ಒಂದು ಮಾಡ್ತೀನಿ, ಬಚ್ಚಲಿನ ಗೋಡೆ ನೆರಳಲ್ಲಿ. ಬಾವಿ ನೀರು ಒಂದು ಚೊಂಬೂ ಕೇಳಲ್ಲ.”

“ಮತ್ತೆ ನೀರು?”

“ಕೂಸುಗಳಿಗೆ ಎರೆದ ನೀರು. ಆದ್ರೆ ಅದಕ್ಕೆ ಸೋಪು ಮುಟ್ಟಿಸಬಾರದು. ಹೆಸರುಹಿಟ್ಟಲ್ಲೇ ಎರೀಬೇಕು.”

ಇದನ್ನು ಹೇಳುವುದು ನನಗೆ ಸುಲಭವಾಗಿರಲಿಲ್ಲ. ಕಾರ್ಬಾಲಿಕ್ ಸೋಪೇ ಬಳಸಬೇಕೆಂದು ಬಚ್ಚಲಿನ ಬಾಗಿಲಿಗೆ ಬರೆದು ಅಂಟಿಸಿದವಳು ನಾನೇ. ಹಳ್ಳಿಯಿಂದ ಅಜ್ಜಿಯರು ತರುತ್ತಿದ್ದ ಹೆಸರುಹಿಟ್ಟಿನ ಡಬ್ಬಿಗಳನ್ನು ಎಷ್ಟೋ ಸಲ ಕಿತ್ತುಕೊಂಡು ಹೊರಗಿಟ್ಟಿದ್ದೆ.

ಡಾಕ್ಟರಮ್ಮ ಕನ್ನಡಕ ತೆಗೆದರು. “ಹೊಟ್ಟೆ ಹುಳಕ್ಕೆ ಔಷಧಿ ಕುಡಿಸೋ ಸಿಸ್ಟರು ಈಗ ಹುಳ ಸಾಕ್ತೀನಿ ಅಂತಿದ್ದಾರೆ” ಎಂದು ಸಣ್ಣಗೆ ನಕ್ಕರು. ಆಮೇಲೆ ಕರಾರು ಹಾಕಿದರು. ಹಿಟ್ಟು ಅಂದಂದೇ ಬೀಸಿ ಜರಡಿ ಹಿಡಿದದ್ದಾಗಿರಬೇಕು, ನೀರು ಕುದಿಸಿ ಆರಿಸಿದ್ದಾಗಿರಬೇಕು, ಹೊಕ್ಕುಳಿಗೆ ಹಿಟ್ಟು ತಾಗಬಾರದು. ಯಾವುದಾದರೂ ಒಂದು ಕೂಸಿನ ಮೈ ಕೆಂಪಾದರೂ ಅಲ್ಲಿಗೆ ನಿಲ್ಲಿಸಬೇಕು.

ಬಾಗಿಲಿನ ಕಾಗದ ಕಿತ್ತದ್ದನ್ನು ಅತ್ತೆ ನೋಡಿದರು. “ದೇವುಡಾ! ಮೊದಲು ನಮ್ಮ ಹಿಟ್ಟು ಹೊರಗಡೆ, ಇವತ್ತು ನಿಮ್ಮ ಸೋಪು ಹೊರಗಡೆ” ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ಸಂಜೆಯೊಳಗೆ ಬೀಸುವ ಕಲ್ಲಿನ ಮುಂದೆ ಅವರೇ ಕೂತಿದ್ದರು.

ಈ ಸಲ ಮಾಲಿ ಸಾಬರು ಹೇಳಿದ್ದನ್ನು ಪೂರ್ತಿ ಕೇಳಿದೆ. ಬಚ್ಚಲಿನ ಗೋಡೆಯ ಪೂರ್ವ ಬದಿಗೆ ಮಧ್ಯಾಹ್ನದಿಂದಾಚೆ ನೆರಳು. ಅಲ್ಲಿ ಒಂದು ಆಳು ಉದ್ದ, ಮೊಣಕಾಲು ಆಳ ಅಗೆದೆವು. ತಳಕ್ಕೆ ನೆನೆಸಿದ ತೆಂಗಿನ ನಾರು, ಒಣಗಿದೆಲೆ. ಅದರ ಮೇಲೆ ಹಳೆಯ ಗೊಬ್ಬರ. ಗೊಬ್ಬರದ ಗುಡ್ಡೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡಲು ಹೇಳಿದರು. ಬೆಚ್ಚಗಿದ್ದರೆ ಹುಳ ಬೇಯುತ್ತದೆ, ತಣ್ಣಗಿದ್ದರೆ ಮಾತ್ರ ತರಬೇಕು. ಮೊದಲ ಗುಡ್ಡೆ ಬೆಚ್ಚಗಿತ್ತು, ಬಿಟ್ಟು ಬಂದೆವು. ಗೊಬ್ಬರದ ಮೇಲೆ ಮಣ್ಣು. ಮಣ್ಣಿನ ಮೇಲೆ ಹಿಪ್ಪುನೇರಳೆ ಕಸ. ನಾಲ್ಕು ಮನೆಯಾಚೆ ರೇಷ್ಮೆ ಹುಳ ಸಾಕುತ್ತಿದ್ದವರು ತಟ್ಟೆಗಳಿಂದ ತೆಗೆದ ಎಲೆಯ ತುಂಡು, ಹಿಕ್ಕೆಗಳನ್ನು ಒಂದು ಮಂಕರಿ ಕೊಟ್ಟಿದ್ದರು. ಎಲ್ಲಕ್ಕೂ ಮೇಲೆ ರಾಗಿ ಹುಲ್ಲು, ಅದರ ಮೇಲೆ ಒದ್ದೆ ಗೋಣಿ. ಇರುವೆ ಬರದಂತೆ ಪಾತಿಯ ಹೊರಗೆ ಮಾತ್ರ ಬೂದಿಯ ಗೆರೆ, ಒಳಗೆ ಒಂದು ಚಿಟಿಕೆಯೂ ಬೀಳಬಾರದು.

ನೀರನ್ನು ಮೇಲಿಂದ ಸುರಿಯುವುದೇ ಬೇಡ ಎಂದರು. ಕುಂಬಾರರ ಮನೆಯಿಂದ ಮೆರುಗು ಹಾಕದ ನಾಲ್ಕು ಕುಡಿಕೆ ತಂದು, ಕುತ್ತಿಗೆಯವರೆಗೆ ಹೂತು, ಬಾಯಿಗೆ ಓಡಿನ ಚೂರು ಮುಚ್ಚಿದೆವು. ಕೂಸಿನ ನೀರು ಬಟ್ಟೆಯಲ್ಲಿ ಸೋಸಿ, ಆರಿಸಿ, ಕುಡಿಕೆಗೆ ತುಂಬಬೇಕು. ಅದು ತಾನೇ ತಾನಾಗಿ ಸುತ್ತ ಜಿನುಗುತ್ತದೆ. ಕೊನೆಗೆ ಬಾಣಲೆಯಲ್ಲಿದ್ದ ಎರಡು ಹಿಡಿ ಹುಳವನ್ನು ಹುಲ್ಲಿನಡಿಗೆ ಬಿಟ್ಟೆವು.

“ಇನ್ನು ಮುಟ್ಬೇಡಿ” ಎಂದರು.

ಹತ್ತು ದಿನ ತಡೆದೆ. ದಿನಾ ಬೆಳಿಗ್ಗೆ ಗೋಣಿಯ ಮೂಲೆ ಎತ್ತಿ ನೋಡುವುದು, ಏನೂ ಕಾಣದೆ ಮುಚ್ಚುವುದು. ಹನ್ನೊಂದನೆಯ ದಿನ ತಾಳಲಾರದೆ ಎರಡು ಬೆರಳು ಮಣ್ಣಿಗೆ ಇಳಿಸಿದೆ. ಕುಡಿಕೆಯಿಂದ ದೂರದ ಮೂಲೆ, ಅಲ್ಲಿಗೆ ತೇವ ತಲುಪಿರಲಿಲ್ಲ. ಬೆರಳಿಗೆ ಒಂದು ಗಂಟು ಸಿಕ್ಕಿತು. ನೂಲಿನುಂಡೆಯ ಹಾಗೆ ತನ್ನನ್ನು ತಾನೇ ಸುತ್ತಿಕೊಂಡ ಹುಳ, ಬಿಳಿಚಿಕೊಂಡು, ಅಲುಗಾಡದೆ.

ಆ ಬಸುರಿ ನನ್ನ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಿರಲಿಲ್ಲ. ಸ್ವಲ್ಪ ಓಡಾಡಲು ಡಾಕ್ಟರಮ್ಮ ಅವಳಿಗೆ ಹೇಳಿದ್ದರು.

“ವಾನಪಾಮು” ಎಂದಳು. ಅವರ ಗಡಿ ಹಳ್ಳಿಯಲ್ಲಿ ತೆಲುಗೇ ಹೆಚ್ಚು, ಅಲ್ಲಿ ಎರೆಹುಳಕ್ಕೆ ಮಳೆಯ ಹಾವು ಎನ್ನುತ್ತಾರೆ. “ಸತ್ತೋಯ್ತಾ ಅಕ್ಕಾ?”

ಸತ್ತಿದೆ ಎಂದೇ ನಾನೂ ಅಂದುಕೊಂಡಿದ್ದೆ. ಮಾಲಿ ಸಾಬರು ಬಂದು ಬಗ್ಗಿ ನೋಡಿದರು.

“ಇಲ್ಲ ತಾಯಿ. ನಿದ್ದೆ. ತೇವ ಸಾಲ್ದೆ ಹೋದ್ರೆ ಹಿಂಗೆ ಮುದುಡ್ಕೊಂಡು ಮಲಗ್ತದೆ. ಮೈಯಲ್ಲಿರೋ ನೀರು ಹೋಗದ ಹಂಗೆ ಕಾಪಾಡ್ಕೊಳ್ತದೆ. ತಂಪು ತಗುಲಿದ್ರೆ ಬಿಚ್ಕೊಳ್ತದೆ.” ಆಮೇಲೆ ನನಗೆ, “ಮನೆಯವರು ಇದ್ದಾರೋ ಇಲ್ವೋ ಅಂತ ನೋಡೋಕೆ ಮನೆ ಕೆಡವ್ತಾರಾ ಬೇಟಿ?” ಎಂದರು.

ಅವಳು ಕೈ ಚಾಚಿದಳು. ನಾನು ಆ ಗಂಟನ್ನು ಅವಳ ಅಂಗೈಗೆ ಹಾಕಿದೆ. ಬಹಳ ಹೊತ್ತು ನೋಡಿ, ಕುಡಿಕೆಯ ಪಕ್ಕ ತೇವವಿದ್ದಲ್ಲಿ ಅದನ್ನು ಇಟ್ಟು, ಮಣ್ಣು ಎಳೆದಳು. ಮಾಲಿ ಸಾಬರು ಆ ಕಡೆ ಹೋದ ಮೇಲೆ, ಮಣ್ಣನ್ನೇ ನೋಡುತ್ತಾ ಹೇಳಿದಳು:

“ಮೊದಲನೇದು ಏಳು ತಿಂಗಳಲ್ಲಿ ಹೋಯ್ತಕ್ಕಾ. ಒದೆಯೋದು ನಿಲ್ಲಿಸ್ತು. ನಿದ್ದೆ ಮಾಡ್ತಿದೆ ಅಂದ್ಕೊಂಡೆ. ಎರಡು ದಿನ ಅಂಗೇ ಅಂದ್ಕೊಂಡೆ.”

ಅವಳನ್ನು ಒಳಗೆ ಕರೆದುಕೊಂಡು ಹೋಗಿ ಮಲಗಿಸಿ, ಎದೆಬಡಿತ ಕೇಳುವ ಮರದ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕಿವಿ ಕೊಟ್ಟೆ. ಎಡಕ್ಕೆ ಸ್ವಲ್ಪ ಕೆಳಗೆ ಸಿಕ್ಕಿತು. ಓಡುತ್ತಿರುವ ಸಣ್ಣ ಬಡಿತ. ಅವಳ ಮಣಿಕಟ್ಟು ಹಿಡಿದು, ನನ್ನ ಕಿವಿಗೆ ಕೇಳಿದ್ದನ್ನೆಲ್ಲ ಬೆರಳಿನಿಂದ ಅವಳ ಚರ್ಮದ ಮೇಲೆ ತಟ್ಟುತ್ತಾ ಹೋದೆ. ಟಕಟಕಟಕ. ಅವಳು ತನ್ನ ಕೈಯನ್ನೇ ನೋಡುತ್ತಿದ್ದಳು. “ಇಷ್ಟು ಜೋರಾ?” ಎಂದಳು. “ಇಷ್ಟು ಜೋರು” ಎಂದೆ. ಆ ದಿನದಿಂದ ಹೆರಿಗೆಯವರೆಗೆ ಬೆಳಿಗ್ಗೆ ಒಂದು ಸಲ ಹಾಗೆ ತಟ್ಟಿ ತೋರಿಸುವುದು ನನ್ನ ಕೆಲಸಗಳಲ್ಲಿ ಸೇರಿಹೋಯಿತು.

ಕುಡಿಕೆಗೆ ನೀರು ತುಂಬುವುದನ್ನು ಅವಳು ತಾನೇ ವಹಿಸಿಕೊಂಡಳು. ಆ ಒಣಮೂಲೆಗೆ ಐದನೆಯ ಕುಡಿಕೆ ಹೂಳೋಣ ಎಂದವಳೂ ಅವಳೇ. ವಾರ್ಡಿನಲ್ಲಿ ಒಮ್ಮೆ ಮೂರು ಕೂಸು, ಒಮ್ಮೆ ಒಂದೇ. ಒಂದೇ ಇದ್ದ ವಾರ ನೀರು ಸಾಲದೆ, ಮಣ್ಣಿಗಿಂತ ಮುಂಚೆ ನಮ್ಮ ಮುಖ ಒಣಗಿತು. ಅತ್ತೆ ಹುರುಳಿ ತೊಳೆದ ನೀರು, ಪಾತ್ರೆ ಗಲಬರಿಸಿದ ಮೊದಲ ನೀರು ಎಂದು ಚೊಂಬು ಚೊಂಬು ತಂದು ಕೊಟ್ಟರು.

ಒಂದು ಬೆಳಿಗ್ಗೆ ನಾನು ವಾರ್ಡಿನಲ್ಲಿ ಜ್ವರ ನೋಡುತ್ತಿದ್ದಾಗ ಅವಳು ಬಾಗಿಲಿಗೆ ಬಂದು, ಬಾ ಎಂದು ಕೈ ಮಾಡಿದಳು. ಹೋಗಿ ನೋಡಿದರೆ ಹುಲ್ಲಿನಡಿ, ಕುಡಿಕೆಗಳ ಸುತ್ತ, ಮಣ್ಣಿನ ಸಣ್ಣ ಸಣ್ಣ ಗುಪ್ಪೆಗಳು. ಒದ್ದೆ ಶಾವಿಗೆಯನ್ನು ಬೆರಳಿನಿಂದ ಒತ್ತಿ ಇಟ್ಟ ಹಾಗೆ. ಎರೆಹುಳದ ಹಿಕ್ಕೆ. ಮಾಲಿ ಸಾಬರು ಒಂದನ್ನು ಬೆರಳ ನಡುವೆ ಪುಡಿ ಮಾಡಿ, ಮೂಗಿಗೆ ಹಿಡಿದು, ನನ್ನ ಮೂಗಿಗೂ ಹಿಡಿದರು. ಮೊದಲ ಮಳೆ ಬಿದ್ದಾಗಿನ ವಾಸನೆ. ಆಕಾಶದಲ್ಲಿ ಇನ್ನೂ ಒಂದು ಮೋಡವಿರಲಿಲ್ಲ.

“ಈಗ ಬೀಜ” ಎಂದರು.

ಕೀರೆ, ಚಕ್ಕೋತ ಸೊಪ್ಪು, ಅಂಚಿಗೆ ಹೊನಗೊನ್ನೆ ಕಡ್ಡಿ ಹಾಕಿದೆವು. ಮಣ್ಣು ಅಗೆಯಲಿಲ್ಲ. ಹುಲ್ಲನ್ನು ಸಾಲಾಗಿ ಸರಿಸಿ, ಬೀಜ ಉದುರಿಸಿ, ಅಂಗೈಯಿಂದ ಒತ್ತಿದೆವು. ಮೊದಲು ಬಂದ ಸಸಿಗಳು ಒತ್ತಾಗಿದ್ದವು, ಬಿಡಿಸಿ ಕಿತ್ತ ಎಳೆಸೊಪ್ಪೇ ಮೊದಲ ಅಡುಗೆ. ಅತ್ತೆ ಅದನ್ನು ಹುರುಳಿಯ ಜೊತೆ ಬೇಯಿಸಿ ಬಸ್ಸಾರು ಮಾಡಿದರು. ಸೊಸೆಯ ತಟ್ಟೆಗೆ ಸೊಪ್ಪನ್ನೆಲ್ಲ ಬಡಿಸಿ, ತಮಗೆ ಬರೀ ಸಾರು ಹಾಕಿಕೊಂಡರು. ಆಮೇಲೆ ದಿನ ಬಿಟ್ಟು ದಿನ, ಮತ್ತೆ ದಿನವೂ, ಹಿಡಿಯಷ್ಟಾದರೂ ಸಿಕ್ಕಿತು. ನೆರಳಿನ ಪಾತಿಯ ಸೊಪ್ಪು ಎಳಸಾಗಿ ಉದ್ದವಾಗಿ ಬರುತ್ತಿತ್ತು, ಸಂತೆಯ ಸೊಪ್ಪಿನ ಹಾಗಲ್ಲ. ಅಷ್ಟರಲ್ಲಿ ಬೆಂಗಳೂರಿನಿಂದ ಮೂರು ಬಾಟಲಿ ಟಾನಿಕ್ಕೂ ಬಂತು. ಯಾವುದು ಎಷ್ಟು ಮಾಡಿತೋ ನನಗೆ ಗೊತ್ತಿಲ್ಲ. ಸೊಪ್ಪೇ ಮಾಡಿತು ಎಂದು ಡಾಕ್ಟರಮ್ಮ ಎಂದೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಒಂದು ದಿನ ಅವರು ಕಣ್ಣಿನ ರೆಪ್ಪೆ ಎಳೆದು ನೋಡಿ, “ಪರವಾಗಿಲ್ಲ” ಎಂದರು. ಅವರ ಬಾಯಲ್ಲಿ ಆ ಮಾತು ದೊಡ್ಡದು.

ಹೆರಿಗೆ ಒಂದು ಮಧ್ಯಾಹ್ನ, ಊಟದ ಹೊತ್ತು ಮೀರಿದ ಮೇಲೆ ಆಯಿತು. ನೋವು ಬೆಳಿಗ್ಗೆಯೇ ಶುರುವಾಗಿತ್ತು. ಅವಳು ಕೂಗಲಿಲ್ಲ, ನನ್ನ ಮಣಿಕಟ್ಟನ್ನು ಮಾತ್ರ ಬಿಡಲಿಲ್ಲ. ಹೆಣ್ಣು ಕೂಸು, ಸಣ್ಣದು. ತಕ್ಷಣ ಅಳಲಿಲ್ಲ. ನಾನು ಬಾಯಿ ಒರೆಸಿ, ಬೆನ್ನು ತಿಕ್ಕಿ, ಅಂಗಾಲಿಗೆ ತಟ್ಟುತ್ತಾ ಹೋದೆ. ಆಮೇಲೆ ಕೂಸು ಕೆಮ್ಮಿದಂತೆ ಮಾಡಿ, ಮುಖ ಕಿವಿಚಿ, ಅತ್ತಿತು. ಅವಳಿಗೆ ರಕ್ತ ಹೆಚ್ಚೇ ಹೋಯಿತು. ಡಾಕ್ಟರಮ್ಮ ಹೊಟ್ಟೆ ಒತ್ತಿ ಹಿಡಿದು ಸಂಜೆಯವರೆಗೆ ಕದಲಲಿಲ್ಲ. ಹಿಂದಿನ ಮೈಯಾಗಿದ್ದರೆ ತಡೆಯುತ್ತಿರಲಿಲ್ಲ ಎಂದು ಕೈ ತೊಳೆಯುವಾಗ ಅವರು ಮೆಲ್ಲಗೆ ಹೇಳಿದರು, ನನಗೋ, ತಮಗೋ.

ಮೂರು ವಾರದ ಮೇಲೆ ಊರಿಂದ ಎತ್ತಿನ ಗಾಡಿ ಬಂತು. ಅಷ್ಟರಲ್ಲಿ ಎರಡು ಮಳೆಯಾಗಿ ಅಂಗಳದಲ್ಲಿ ಗರಿಕೆ ಚಿಗುರಿತ್ತು. ಹೊರಡುವ ಹೊತ್ತಿಗೆ ಅತ್ತೆ ಮಾಲಿ ಸಾಬರ ಮುಂದೆ ನಿಂತು ಕೇಳಿದರು:

“ಸಾಬ್ರೇ, ನಂಗೂ ನಾಲ್ಕು ವಾನಪಾಮು ಕೊಡಿ. ಹಿತ್ತಲಲ್ಲಿ ಇಂಥದೇ ಒಂದು ಪಾತಿ ಮಾಡ್ತೀನಿ.”

ಅವರು ಒಂದು ಮಡಕೆಗೆ ಮಣ್ಣಿನ ಸಮೇತ ಹುಳ ತುಂಬಿ, ಮೇಲೆ ಒದ್ದೆ ಗೋಣಿ ಕಟ್ಟಿದರು. ನಾನು ಗಾಡಿಯ ಇನ್ನೊಂದು ಬದಿಯಲ್ಲಿ ಬಾಣಂತಿಗೆ ಹೇಳಬೇಕಾದ್ದನ್ನು ಹೇಳುತ್ತಿದ್ದೆ. ಗಾಡಿಯ ಎರಡೂ ಪಕ್ಕದಿಂದ ಮಾತು ಒಟ್ಟಿಗೇ ನಡೆದಿತ್ತು.

“ಬಿಸಿಲಿಗೆ ಹಿಡೀಬೇಡ” ಎಂದೆ.

“ಒಣಗೋಕೆ ಬಿಡ್ಬೇಡಿ” ಎಂದರು ಅವರು.

“ಹೊಟ್ಟೆ ತುಂಬ ಹಾಲು ಕೊಡು. ನಿದ್ದೆ ಮಾಡ್ತಿದ್ರೆ ಎಬ್ಬಿಸಬೇಡ.”

“ಪದೇ ಪದೇ ತೆಗೆದು ನೋಡ್ಬೇಡಿ. ಇರ್ತವೆ. ನಂಬಿ.”

ಅವಳು ನನ್ನನ್ನೊಮ್ಮೆ ಅವರನ್ನೊಮ್ಮೆ ನೋಡಿ, “ಅಕ್ಕಾ, ಯಾವುದು ಕೂಸಿಗೆ, ಯಾವುದು ಹುಳಕ್ಕೆ?” ಎಂದಳು. ಹೇಳುತ್ತಲೇ ನಗು ಬಂದು, ಇನ್ನೂ ನೋಯುತ್ತಿದ್ದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡಳು. ಡಾಕ್ಟರಮ್ಮನೂ ವರಾಂಡಕ್ಕೆ ಬಂದು ನಗುತ್ತಿದ್ದರು.

ಗಾಡಿ ಹೊರಟಿತು. ತಿರುವಿನವರೆಗೂ ನೋಡುತ್ತಾ ನಿಂತೆ. ಸೊಸೆ ಕೂಸಿನ ಮೇಲೆ, ಅತ್ತೆ ಮಡಕೆಯ ಮೇಲೆ, ಬಿಸಿಲು ಬೀಳದ ಹಾಗೆ ಸೆರಗು ಮುಚ್ಚಿಕೊಂಡು ಕೂತಿದ್ದರು.